ಲ್ಯಾಬ್ ಕಂಪ್ಯೂಟರ್‌ಗಳ ಸಮಯವನ್ನು ಹರಾಜು ಹಾಕುವುದು ಹೇಗೆ?

ಕಾಲೇಜು ಲ್ಯಾಬ್‌ನ 20 ಕಂಪ್ಯೂಟರ್‌ಗಳು ರಾತ್ರಿಯಿಡೀ ಖಾಲಿ ಇರುತ್ತವೆ. ಪ್ರಾಜೆಕ್ಟ್ ಸಲ್ಲಿಸುವ ವಾರ ಬಂತೆಂದರೆ ಎಲ್ಲರಿಗೂ ಒಟ್ಟಿಗೆ ಬೇಕು. ಮೊದಲು ಬಂದವರಿಗೆ ಕೊಡುತ್ತಾ ಹೋದರೆ ಅವಸರವಿಲ್ಲದವರೇ ಜಾಗ ಹಿಡಿದು ಕೂರುತ್ತಾರೆ. ಇದಕ್ಕೆ ಹರಾಜೇ ಸರಿಯಾದ ದಾರಿ. ಹಾರ್ವರ್ಡ್‌ನಲ್ಲಿ ಪಿಡಿಪಿ-1 ಎಂಬ ಕಂಪ್ಯೂಟರಿನ ಸಮಯವನ್ನು ಹೀಗೆ ಹಂಚಿದ್ದನ್ನು ಕಂಪ್ಯೂಟರ್ ವಿಜ್ಞಾನಿ ಐವಾನ್ ಸದರ್‌ಲ್ಯಾಂಡ್ 1968ರಲ್ಲೇ ವಿವರಿಸಿದ್ದರು.

ಮೊದಲು ಅಳತೆ ಗೊತ್ತು ಮಾಡಿ. ಕೋಲಾರ ಎಪಿಎಂಸಿಯಲ್ಲಿ ಟೊಮೆಟೊ 15 ಕೆ.ಜಿ. ಬಾಕ್ಸ್ ಲೆಕ್ಕದಲ್ಲಿ ಹರಾಜಾಗುವ ಹಾಗೆ ಇಲ್ಲೂ ಒಂದೇ ಗಾತ್ರದ ಸ್ಲಾಟ್ ಬೇಕು. 4 ಕೋರ್ (ಪ್ರೊಸೆಸರಿನ ಒಳಗಿನ ಲೆಕ್ಕ ಮಾಡುವ ಘಟಕ), 8 ಜಿಬಿ ಮೆಮೊರಿಯ ಯಂತ್ರದಲ್ಲಿ 1 ಕೋರ್, 2 ಜಿಬಿಯನ್ನು ಆಪರೇಟಿಂಗ್ ಸಿಸ್ಟಂಗೆ ಬಿಟ್ಟರೆ 3 ಸ್ಲಾಟ್ ಉಳಿಯುತ್ತವೆ: ಒಂದೊಂದೂ 1 ಕೋರ್, 2 ಜಿಬಿ, 1 ಗಂಟೆ. 20 ಯಂತ್ರ ಸೇರಿ ಗಂಟೆಗೆ ಒಟ್ಟು 60. ಲಿನಕ್ಸ್‌ನ ಸಿಗ್ರೂಪ್ಸ್‌ನಲ್ಲಿ (ಪ್ರೋಗ್ರಾಂ ಎಷ್ಟು ಕೋರ್, ಮೆಮೊರಿ ಬಳಸಬಹುದೆಂದು ಮಿತಿ ಹಾಕುವ ಸೌಲಭ್ಯ) ಈ ಮಿತಿಯನ್ನು ಕಟ್ಟಿಹಾಕಲೇಬೇಕು. ಇಲ್ಲವಾದರೆ ಒಂದು ಸ್ಲಾಟ್ ಕೊಂಡವರ ಪ್ರೋಗ್ರಾಂ ನಾಲ್ಕೂ ಕೋರ್ ನುಂಗಿ, ಪಕ್ಕದವರ ಕೆಲಸ ತೆವಳುತ್ತದೆ.

ರಾತ್ರಿ 8ರಿಂದ ಬೆಳಿಗ್ಗೆ 8ರವರೆಗೆ, ವಾರಕ್ಕೆ 5,040 ಸ್ಲಾಟ್. ಹತ್ತು ತಂಡಗಳಿಗೆ ವಾರಕ್ಕೆ ತಲಾ 1,000 ಟೋಕನ್ (ಹರಾಜಿನಲ್ಲಿ ಕೂಗಲು ಬಳಸುವ ಲೆಕ್ಕದ ಹಣ) ಕೊಟ್ಟರೆ ಸರಾಸರಿ ಬೆಲೆ 2ರ ಆಸುಪಾಸು ನಿಲ್ಲುತ್ತದೆ. ಟೋಕನ್ ಇಮ್ಮಡಿಸಿದರೆ ಬೆಲೆಯೂ ಇಮ್ಮಡಿಯಾಗುತ್ತದೆ, ಸ್ಲಾಟ್ ಹೆಚ್ಚುವುದಿಲ್ಲ. ಮಿಕ್ಕ ಟೋಕನ್‌ನಲ್ಲಿ 500 ಮಾತ್ರ ಮುಂದಿನ ವಾರಕ್ಕೆ ಹೋಗಲಿ. ಕೂಡಿಡಲು ಬಿಟ್ಟರೆ ಸೆಮಿಸ್ಟರ್ ಕೊನೆಯಲ್ಲಿ ಎಲ್ಲರೂ ಒಮ್ಮೆಲೇ ಸುರಿಯುತ್ತಾರೆ.

ಪ್ರತಿ ಗಂಟೆ ಶುರುವಾಗುವ 10 ನಿಮಿಷ ಮೊದಲು ಬಿಡ್ ಮುಚ್ಚಿ. ಬಿಡ್ ಗುಟ್ಟಾಗಿರಲಿ. ಒಂದು ತಂಡ 40 ಸ್ಲಾಟ್‌ಗೆ ತಲಾ 5, ಇನ್ನೊಂದು 20ಕ್ಕೆ ತಲಾ 3, ಮೂರನೆಯದು 30ಕ್ಕೆ ತಲಾ 2 ಕೂಗಿವೆ ಎನ್ನಿ. ಮೊದಲ ಎರಡು ಗೆದ್ದವು. ಆದರೆ ಕೊಡಬೇಕಾದದ್ದು ಸೋತವರಲ್ಲಿ ಅತಿ ಹೆಚ್ಚಿನ ಬೆಲೆ: ಸ್ಲಾಟಿಗೆ 2. ಕೂಗಿದ್ದನ್ನೇ ವಸೂಲಿ ಮಾಡಿದರೆ ಪ್ರತಿಯೊಬ್ಬರೂ ಎದುರಾಳಿಯ ಮನಸ್ಸನ್ನು ಊಹಿಸುತ್ತಾ ಬೆಲೆ ತಗ್ಗಿಸುತ್ತಾರೆ. ಅರ್ಥಶಾಸ್ತ್ರಜ್ಞ ವಿಲಿಯಂ ವಿಕ್ರಿ 1961ರಲ್ಲಿ ತೋರಿಸಿದ್ದು ಇದೇ ತತ್ವ. ತಲಾ ಒಂದೇ ಸ್ಲಾಟ್ ಬೇಕಿದ್ದಾಗ ನಿಜ ಬೆಲೆ ಹೇಳುವುದೇ ಲಾಭ; ಹಲವು ಸ್ಲಾಟ್ ಕೇಳುವವರು ಬೇಡಿಕೆ ಕಡಿಮೆ ತೋರಿಸಿ ಬೆಲೆ ಇಳಿಸಬಹುದು, ಅವರ ಮೇಲೆ ಕಣ್ಣಿರಲಿ. ಯಾರೂ ಸೋಲದಿದ್ದರೆ ಬೆಲೆ ಸೊನ್ನೆಯಾಗುತ್ತದೆ. ಆದ್ದರಿಂದ ಕನಿಷ್ಠ 1 ಟೋಕನ್ ಇಡಿ.

ಬಿಡ್ ಹಾಕಿದ ತಕ್ಷಣ ಅಷ್ಟೂ ಟೋಕನ್‌ಗಳನ್ನು ಖಾತೆಯಲ್ಲಿ ತಡೆಹಿಡಿಯಿರಿ. ಇಲ್ಲದಿದ್ದರೆ ಅದೇ 100 ಟೋಕನ್ ಮೂರು ಕಡೆ ಬಿಡ್ ಆಗುತ್ತದೆ. ಲೆಕ್ಕ ಇಡಲು ಒಂದೇ ಸರ್ವರ್, ಒಂದು ಎಸ್‌ಕ್ಯೂಲೈಟ್ (ಚಿಕ್ಕ ಡೇಟಾಬೇಸ್) ಫೈಲ್ ಸಾಕು. ಎಲ್ಲ ಯಂತ್ರಗಳ ಗಡಿಯಾರವನ್ನು ಕ್ರೋನಿ ಎಂಬ ಸಮಯ ಹೊಂದಿಸುವ ಪ್ರೋಗ್ರಾಂನಿಂದ ಹೊಂದಿಸಿ.

16 ಸ್ಲಾಟ್ ಒಟ್ಟಿಗೇ ಬೇಕಾದ ಕೆಲಸಕ್ಕೆ 9 ಸಿಕ್ಕರೆ ಟೋಕನ್ ವ್ಯರ್ಥ. 'ಪೂರ್ತಿ ಸಿಕ್ಕರೆ ಮಾತ್ರ' ಎಂಬ ಆಯ್ಕೆಯನ್ನು ಬಿಡ್ ಫಾರಂನಲ್ಲೇ ಕೊಡಿ.

ಮುಂದಿನ ಗಂಟೆ ಸೋತವರು ಜಾಗ ಬಿಡಬೇಕು. ಅಮೆಜಾನ್‌ನ ಸ್ಪಾಟ್ ಸೇವೆ (ಖಾಲಿ ಇರುವ ಕಂಪ್ಯೂಟರ್ ಸಾಮರ್ಥ್ಯವನ್ನು ಅಗ್ಗಕ್ಕೆ ಬಾಡಿಗೆಗೆ ಕೊಡುವ ಸೇವೆ) ಯಂತ್ರ ವಾಪಸ್ ಪಡೆಯುವ ಎರಡು ನಿಮಿಷ ಮೊದಲು ಎಚ್ಚರಿಸುತ್ತದೆ. ನೀವು 10 ನಿಮಿಷ ಕೊಡಬಹುದು. ಆದರೂ 15 ನಿಮಿಷಕ್ಕೊಮ್ಮೆ ಫಲಿತಾಂಶವನ್ನು ಸರ್ವರ್‌ಗೆ ಉಳಿಸದ ಪ್ರೋಗ್ರಾಂ ಹರಾಜಿಗೆ ಬರಕೂಡದು. ಕರೆಂಟ್ ಹೋಗಿ ಯಂತ್ರ ನಿಂತರೆ ಆ ಗಂಟೆಯ ಪೂರ್ತಿ ಟೋಕನ್ ತಾನಾಗಿಯೇ ವಾಪಸ್ಸಾಗುವಂತೆ ಬರೆಯಿರಿ. ಅರ್ಜಿ ಹಾಕಿಸಿಕೊಂಡು ಮರಳಿಸುವ ಪದ್ಧತಿ ಬೇಡ.