ಕಕ್ಕಡ 18ಕ್ಕೆ ನಮ್ಮ ಶಾಲೆಯಲ್ಲಿ ಮದ್ದುಪಾಯಸ

ದಕ್ಷಿಣ ಕೊಡಗಿನ ಒಂದು ಸರ್ಕಾರಿ ಶಾಲೆಯಲ್ಲಿ ನಾನು ಟೀಚರ್. ಕೊಡವರ ಮಕ್ಕಳು, ಅರೆಭಾಷೆ ಗೌಡರ ಮಕ್ಕಳು, ಹಾಡಿಯಿಂದ, ಅಂದರೆ ಆದಿವಾಸಿ ಕೇರಿಯಿಂದ, ಬರುವ ಯರವ, ಜೇನುಕುರುಬ ಮಕ್ಕಳು, ತೋಟದ ಲೈನ್‌ಮನೆ ಮಕ್ಕಳು ಎಲ್ಲ ಒಂದೇ ಬೆಂಚಿನಲ್ಲಿ ಕೂರುತ್ತಾರೆ. ಕೊಡಗಿನ ಸಂಸ್ಕೃತಿ ಎಂದೊಡನೆ ಎಲ್ಲರಿಗೂ ಬಾಡಿಗೆ ಕುಪ್ಯ (ಕೊಡವ ಗಂಡಸರ ನಿಲುವಂಗಿ) ತೊಡಿಸಿ ಫೋಟೊ ತೆಗೆಯುವುದು ನನಗೆ ಒಪ್ಪಿಗೆಯಿಲ್ಲ. ಅವರವರ ಮನೆಯಲ್ಲಿ ಏನು ಉಡುತ್ತಾರೋ, ಏನು ಉಣ್ಣುತ್ತಾರೋ ಅದೇ ಶಾಲೆಗೆ ಬರಬೇಕು.

ನಾನು ಆರಿಸಿಕೊಂಡ ದಿನ ಕೊಡವರ ಕಕ್ಕಡ ತಿಂಗಳ 18, ಅಂದರೆ ಆಗಸ್ಟ್ 3ರ ಆಸುಪಾಸು. ಅಂದು ಮದ್ದು ಸೊಪ್ಪಿನಲ್ಲಿ 18 ಬಗೆಯ ಔಷಧಿ ಸೇರಿರುತ್ತದೆ ಎಂಬುದು ಇಲ್ಲಿಯ ನಂಬಿಕೆ. ಅರೆಭಾಷೆಯವರಿಗೆ ಅದು ಆಟಿ ಸೊಪ್ಪು. ತೋಟದ ನೆರಳಲ್ಲಿ, ತೋಡಿನ ಬದಿಯಲ್ಲಿ ಬೆಳೆಯುವ ಗಿಡ. ಗುರುತು ಹಿಡಿಯಲು ಮಕ್ಕಳನ್ನಷ್ಟೇ ನಂಬಬೇಡಿ, ಊರಿನ ಹಿರಿಯರೊಬ್ಬರನ್ನು ಜೊತೆಗೆ ಕಳಿಸಿ. ಎಲೆಯನ್ನು ಕಾಂಡದ ಸಮೇತ ತೊಳೆದು ನೀರಿನಲ್ಲಿ ಕುದಿಸುತ್ತೇವೆ. ಒಳ್ಳೆ ಪರಿಮಳ ಬಂದು, ನೀರು ಕಡು ನೇರಳೆ ಬಣ್ಣಕ್ಕೆ ತಿರುಗಿದ ಮೇಲೆ ಸೋಸಿ, ಅದರಲ್ಲೇ ಅಕ್ಕಿ ಬೇಯಿಸಿ, ಬೆಲ್ಲ, ತೆಂಗಿನಹಾಲು ಹಾಕಿದರೆ ಪಾಯಸ ಸಿದ್ಧ. ಹಸಿರು ಸೊಪ್ಪಿನಿಂದ ಆ ಬಣ್ಣ ಬರುವುದನ್ನು ನೋಡಲು ಮಕ್ಕಳು ಅಡುಗೆಮನೆ ಬಾಗಿಲು ಬಿಟ್ಟು ಕದಲುವುದಿಲ್ಲ. ಜೊತೆಗೆ ಬೇಕಾದ ಜೇನುತುಪ್ಪ ಜೇನುಕುರುಬರ ಹಾಡಿಯಿಂದ ಬರುತ್ತದೆ. ಅದು ಯಾವ ಮರದ ಜೇನು, ಹೇಗೆ ಇಳಿಸಿದರು ಎಂಬುದನ್ನು ಆ ಮನೆಯ ಮಕ್ಕಳೇ ಹೇಳುತ್ತಾರೆ. ಬೇರೆ ದಿನ ಬಾಯಿ ಬಿಡದವರು ಅಂದು ಮಾತು ನಿಲ್ಲಿಸುವುದಿಲ್ಲ. ಈ ದಿನ ನನಗೆ ಬೇಕಾದದ್ದು ಅದಕ್ಕೇ.

ಹಂದಿ ಕರಿ ಶಾಲೆಯಲ್ಲಿ ಮಾಡುವುದಿಲ್ಲ, ಎಲ್ಲರೂ ಒಂದೇ ಪಂಕ್ತಿಯಲ್ಲಿ ಉಣ್ಣಬೇಕಲ್ಲ. ಕಡಂಬುಟ್ಟಿಗೆ (ಅಕ್ಕಿತರಿಯ ಉಂಡೆ ಕಡುಬು) ಬೈಂಬಳೆ ಕರಿ, ಅಂದರೆ ಕಳಲೆ ಸಾರು, ಸಾಕು. ಕಳಲೆಯನ್ನು (ಎಳೆ ಬಿದಿರು) ಮಾತ್ರ ಮುಂಚೆಯೇ ಹೆಚ್ಚಿ, ಎರಡು ಮೂರು ದಿನ ನೆನೆಹಾಕಿ, ದಿನವೂ ನೀರು ಬದಲಿಸಬೇಕು. ಹಸಿ ಕಳಲೆಯಲ್ಲಿ ವಿಷದ ಅಂಶ ಇರುತ್ತದೆ. ಇದರಲ್ಲಿ ಅವಸರ ಬೇಡವೇ ಬೇಡ.

ಉಡುಪಿನ ಕೆಲಸ ಅಜ್ಜಿಯರದು. ಸೀರೆಯ ನೆರಿಗೆಯನ್ನು ಹಿಂದಕ್ಕೆ ಹಾಕಿ, ಸೆರಗನ್ನು ಬಲ ಹೆಗಲಿಗೆ ತಂದು ಪಿನ್ ಹಾಕುವುದನ್ನು ಅವರು ಹುಡುಗಿಯರಿಗೆ ಕೈಯಾರೆ ಕಲಿಸುತ್ತಾರೆ. ನೆರಿಗೆ ಹಿಂದೆ ಹೋದದ್ದು ಕಾವೇರಿಯ ರಭಸಕ್ಕೆ ಎಂಬ, ಕಾವೇರಿ ದಡದ ಬಲಮುರಿಯ ಕತೆಯೂ ಜೊತೆಗೆ ಬರುತ್ತದೆ. ಕುಪ್ಯ ಇರುವ ಹುಡುಗರು ತೊಟ್ಟು ಬರಲಿ, ಸೊಂಟಕ್ಕೆ ಚೇಲೆ ಪಟ್ಟಿ ಕಟ್ಟಲಿ. ಅದಕ್ಕೆ ಸಿಕ್ಕಿಸುವ ಪೀಚೆಕತ್ತಿ ಎಂಬ ಕಿರುಗತ್ತಿ ಮಾತ್ರ ಮರದ್ದೇ ಆಗಬೇಕು. ಇಲ್ಲದವರು ಹೊಸದು ಕೊಳ್ಳಬೇಕಿಲ್ಲ ಎಂದು ಪೋಷಕರ ಸಭೆಯಲ್ಲೇ ಹೇಳಿಬಿಡುತ್ತೇನೆ.

ಅದೇ ಸಭೆಯಲ್ಲಿ ಇನ್ನೊಂದು ಮಾತನ್ನೂ ತಪ್ಪದೆ ಹೇಳಬೇಕು: ಪಾಯಸ ಉಂಡ ಮೇಲೆ ಮೂತ್ರ ಕೆಂಪಾಗುತ್ತದೆ, ಅದು ಸೊಪ್ಪಿನ ಬಣ್ಣ. ಕೊಡಗಿನವರಿಗೆ ಗೊತ್ತಿರುತ್ತದೆ. ಹೊರಗಿನಿಂದ ತೋಟದ ಕೆಲಸಕ್ಕೆ ಬಂದ ಮನೆಯವರು ಗಾಬರಿಯಾಗಿ ರಾತ್ರೋರಾತ್ರಿ ಮಗುವನ್ನು ಎತ್ತಿಕೊಂಡು ಆಸ್ಪತ್ರೆಗೆ ಓಡಬಾರದು.