ಮೈ ಬರೆಯಲು ಮುಂಗೈಯಿಂದ ಶುರು ಮಾಡಿ

ಬಾಗಲಕೋಟೆಯ ನಮ್ಮ ಮನೆಗೆ ಚಿತ್ರ ಕಲಿಯಲು ಬರುವ ಹುಡುಗರು ಮೊದಲು ಮುಖ ಬರೆಯುತ್ತೇವೆ ಅಂತಾರೆ. ನಾನು ಮುಂಗೈ ಬರೆಸುತ್ತೇನೆ. ಅದು ಸದಾ ಕಣ್ಣೆದುರೇ ಇರುತ್ತದೆ, ಮುಟ್ಟಿ ನೋಡಬಹುದು.

ಮೊಣಕೈ ಮಡಚಿ ಪಕ್ಕೆಗೆ ತಾಗಿಸಿ, ಅಂಗೈ ಮೇಲೆ ಮಾಡಿ. ಮೊಣಕೈ ತುದಿಯಿಂದ ಕಿರುಬೆರಳಿನ ಕಡೆಯ ಮಣಿಕಟ್ಟಿನವರೆಗೆ ಬೆರಳಿಂದ ಒತ್ತುತ್ತಾ ಬನ್ನಿ. ಉದ್ದಕ್ಕೂ ಒಂದು ಎಲುಬು ಸಿಗುತ್ತದೆ. ಅದು ಅಲ್ನಾ. ಹೆಬ್ಬೆರಳಿನ ಕಡೆ ಇರೋದು ರೇಡಿಯಸ್. ಈಗ ಅಂಗೈ ಕೆಳಗೆ ಮಾಡಿ. ಅಲ್ನಾ ಹೆಚ್ಚುಕಡಿಮೆ ಇದ್ದಲ್ಲೇ ಇದೆ, ರೇಡಿಯಸ್ ಅದರ ಮೇಲೆ ಅಡ್ಡ ಹಾಯ್ದಿದೆ. ಮಣಿಕಟ್ಟಿನ ಹೊರಗಡೆ ಗುಂಡಗೆ ಎದ್ದು ಕಾಣೋದು ಅಲ್ನಾದ ತುದಿ. ಎರಡನ್ನೂ ಬರೆಯಿರಿ, ಎಲುಬು ಮಾತ್ರ.

ಆಮೇಲೆ ಇನ್ನೊಂದು ಕೈಯಿಂದ ತೋಳಿನ ಮುಂದಿನ ಸ್ನಾಯು ಬೈಸೆಪ್ಸ್ ಹಿಡಿದುಕೊಂಡು, ಅಂಗೈಯನ್ನು ಬಿಗಿಯಾಗಿ ಮೇಲಕ್ಕೆ ತಿರುಗಿಸಿ. ಉಬ್ಬುತ್ತದೆ ಅಲ್ವಾ? ಅದರ ಕೆಳತುದಿ ರೇಡಿಯಸ್ಸಿಗೆ ಅಂಟಿದೆ. ಹಾಗಾಗಿ ಕೈ ಮಡಚೋದಷ್ಟೇ ಅಲ್ಲ, ತಿರುಗಿಸೋದೂ ಅದರ ಕೆಲಸ. ಯಾವ ಸ್ನಾಯು ಎಲ್ಲಿಂದ ಎಲ್ಲಿಗೆ ಹೋಗುತ್ತದೆ ಅಂತ ತಿಳಿದರೆ ಉಬ್ಬುಗಳನ್ನು ಬಾಯಿಪಾಠ ಮಾಡಬೇಕಿಲ್ಲ.

ಮುಂದೆ ಗರಡಿ ಮನೆ. ಉಸ್ತಾದರನ್ನು ಕೇಳಿ ಮೂಲೆಯಲ್ಲಿ ಕೂತು ಪೈಲ್ವಾನರನ್ನು ಬರೆಯಿರಿ. ಒಂದು ಚಿತ್ರಕ್ಕೆ ಅರ್ಧ ನಿಮಿಷ, ಜಾಸ್ತಿ ಬೇಡ. ಮೈಗೆ ಕೆಂಪು ಮಣ್ಣು ಹತ್ತಿದ್ದರೆ ನನಗಂತೂ ಖುಷಿ, ಬೆನ್ನಿನ ಏರಿಳಿತ ಚೆನ್ನಾಗಿ ಕಾಣುತ್ತದೆ. ತೋಳೆತ್ತಿದಾಗ ಬೆನ್ನಿನ ಮೇಲಿನ ಹೆಗಲೆಲುಬೂ ಜೊತೆಗೇ ತಿರುಗುತ್ತದೆ. ಅದನ್ನು ಬಿಟ್ಟರೆ ಗೊಂಬೆಗೆ ಸಿಕ್ಕಿಸಿದ ತೋಳಿನ ಹಾಗಾಗುತ್ತದೆ.

ಈಗ ಅದೇ ಮುಂಗೈಯನ್ನು ಮಣ್ಣಿನಲ್ಲಿ ಮಾಡಿ. ಕುಂಬಾರರಿಂದ ಹದ ಮಾಡಿದ ಜೇಡಿಮಣ್ಣು ತನ್ನಿ. ಎರಡು ದಪ್ಪ ತಂತಿಗಳೇ ಎರಡು ಎಲುಬು. ಮಣ್ಣಿನ ಪಟ್ಟಿಗಳನ್ನು ಒಂದೊಂದಾಗಿ ಕೂರಿಸಿ. ಬೆರಳು ಮಡಚುವ ಸ್ನಾಯುಗಳು ಹೆಚ್ಚಿನವು ಮೊಣಕೈಯ ಒಳಗಂಟಿನ ಕಡೆಯಿಂದ, ಬಿಚ್ಚುವವು ಹೊರಗಂಟಿನ ಕಡೆಯಿಂದ ಹೊರಡುತ್ತವೆ. ಚರ್ಮ ಕೊನೆಗೆ. ಸುಮ್ನೆ ಮೇಲಿಂದ ಉಬ್ಬು ಅಂಟಿಸಬೇಡಿ. ರಾತ್ರಿ ಒದ್ದೆ ಬಟ್ಟೆ ಮುಚ್ಚಿಡಿ.

ಕೈ ಹಿಡಿತಕ್ಕೆ ಬಂದ ಮೇಲೆ ಬಾದಾಮಿಗೆ ಹೋಗಿ. ಮೊದಲ ಗುಹೆಯ 18 ಕೈಗಳ ನಟರಾಜನಲ್ಲಿ ಸ್ನಾಯು ಹುಡುಕಬೇಡಿ. ಆ ಶಿಲ್ಪಿಗಳು ಅದನ್ನು ಎತ್ತಿ ತೋರಿಸಿಲ್ಲ, ಮೈ ನಯವಾಗಿ ತುಂಬಿಕೊಂಡಿದೆ. ಭಾರ ಎಲ್ಲಿ ಬಿದ್ದಿದೆ, ಸೊಂಟ ಹೇಗೆ ವಾಲಿದೆ, ಎದೆ ಎತ್ತ ತಿರುಗಿದೆ ಅನ್ನೋದನ್ನು ನೋಡಿ. ಮನೆಗೆ ಬಂದು ಒಂದೇ ಕಾಲಿಗೆ ಭಾರ ಹಾಕಿ ನಿಲ್ಲಿ. ಸೊಂಟದ ಮುಂದಿನ ಎರಡು ಎಲುಬಿನ ತುದಿಗಳ ಮೇಲೆ ಬೆರಳಿಡಿ. ಭಾರ ಹೊತ್ತ ಕಡೆ ಮೇಲೆ, ಇನ್ನೊಂದು ಕೆಳಗೆ. ಪೂರ್ತಿ ಮೈ ಬರೆಯುವಾಗ ಆ ಓರೆ ಗೆರೆಯನ್ನೇ ಮೊದಲು ಎಳೆಯಿರಿ.