ಹಾರಿ ಬಂದ ಬೆಟ್ಟದ ಊರಿನಲ್ಲಿ ಒಂದು ದಿನ

ನಾವಿರುವುದು ಶಾಂಘೈನಲ್ಲಿ. ಒಮ್ಮೆ ಅಕ್ಟೋಬರ್‌ನಲ್ಲಿ ಅತ್ತೆ ಮೈಸೂರಿನಿಂದ ಬಂದಿದ್ದರು. ಅವರಿಗೆ 68 ವರ್ಷ, ಮಂಡಿನೋವು ಬೇರೆ. ಮಗನಿಗೆ 8. ಇಬ್ಬರಿಗೂ ಹಿಡಿಸಬೇಕು, ರಾತ್ರಿ ಮನೆಗೂ ಬರಬೇಕು. ಹಾಗಾಗಿ ಹತ್ತಿರದ ಹಾಂಗ್‌ಝೌ ಊರಿಗೆ ಹೊರಟೆವು.

ಅಕ್ಟೋಬರ್ 1ರಿಂದ ಒಂದು ವಾರ ಚೀನಾದಲ್ಲಿ ರಾಷ್ಟ್ರೀಯ ದಿನದ ರಜೆ. ಆಗ ಮಾತ್ರ ಹೋಗಬೇಡಿ, ಕಾಲಿಡೋಕೆ ಜಾಗ ಇರುವುದಿಲ್ಲ. ನಾವು ಮೂರನೇ ವಾರ ಹೋದೆವು. ರೈಲಿನ ಟಿಕೆಟ್ಟನ್ನು ಚೀನಾ ರೈಲ್ವೆಯ 12306 ಆ್ಯಪ್‌ನಲ್ಲಿ ತೆಗೆದೆವು. ಪ್ರತಿಯೊಬ್ಬರ ಹೆಸರು ಪಾಸ್‌ಪೋರ್ಟ್‌ನಲ್ಲಿ ಇರುವ ಹಾಗೆಯೇ ಹಾಕಬೇಕು. ಪಾಸ್‌ಪೋರ್ಟ್ ಕೈಯಲ್ಲೇ ಇರಬೇಕು, ಅದೇ ಟಿಕೆಟ್ ಇದ್ದ ಹಾಗೆ. ಮಗನಿಗೆ ಅರ್ಧ ದರ. ಶಾಂಘೈನ ಹೊಂಗ್‌ಚಿಯಾವ್ ರೈಲು ನಿಲ್ದಾಣ ವಿಮಾನ ನಿಲ್ದಾಣದಷ್ಟು ದೊಡ್ಡದು. ವಯಸ್ಸಾದವರು ಜೊತೆಗಿದ್ದರೆ ಒಂದು ಗಂಟೆ ಮುಂಚೆ ಹೋಗಿ. ಹತ್ತಿದ ಮೇಲೆ ಪ್ರಯಾಣ ಸುಮಾರು ಒಂದು ಗಂಟೆ, ಅಷ್ಟೇ.

ಜಾಸ್ತಿ ಜನ ಮೊದಲು ಇಲ್ಲಿನ ಶಿಹು (ವೆಸ್ಟ್ ಲೇಕ್) ಸರೋವರಕ್ಕೆ ಹೋಗುತ್ತಾರೆ. ನಾವು ಟ್ಯಾಕ್ಸಿ ಹಿಡಿದು ನೇರ ಲಿಂಗ್‌ಯಿನ್ ದೇವಾಲಯಕ್ಕೆ ಹೋದೆವು. ಆ ದಿನ ನಾವು ಮಾಡಿದ ಒಳ್ಳೆಯ ಕೆಲಸ ಅದು. ಮೆಟ್ಟಿಲು ಇರುವುದು ಅಲ್ಲೇ. ಬೆಳಿಗ್ಗೆ ಕಾಲಲ್ಲಿ ಶಕ್ತಿ ಇರುವಾಗ ಮುಗಿಸಿಬಿಡಬೇಕು.

ದೇವಾಲಯದ ಎದುರಿಗಿರುವ ಬೆಟ್ಟದ ಹೆಸರು ಫೇಲೈ ಫೆಂಗ್, ಅಂದರೆ ಹಾರಿ ಬಂದ ಶಿಖರ. ಈ ದೇವಾಲಯ ಕಟ್ಟಿಸಿದ್ದು 4ನೇ ಶತಮಾನದಲ್ಲಿ ಭಾರತದಿಂದ ಬಂದ ಹುಯಿಲಿ ಎಂಬ ಭಿಕ್ಷು ಎನ್ನುತ್ತಾರೆ. ಅವರು ಈ ಬೆಟ್ಟ ನೋಡಿ, ಇದು ನಮ್ಮ ಗೃಧ್ರಕೂಟ, ಇಲ್ಲಿಗೆ ಯಾವಾಗ ಹಾರಿ ಬಂತು ಅಂದರಂತೆ. ಬುದ್ಧ ಉಪದೇಶ ಮಾಡಿದ, ರಾಜಗೃಹದ ಪಕ್ಕದ ಬೆಟ್ಟ ಅದು.

ಮಗ ತಕ್ಷಣ ಕೇಳಿದ: "ಅಜ್ಜಿ, ಸಂಜೀವಿನಿ ಬೆಟ್ಟದ ಹಾಗೆ ಅಲ್ವಾ?"

"ಅದನ್ನ ಆಂಜನೇಯ ಹೊತ್ತು ತಂದ ಕಣೋ. ಇದು ತಾನೇ ಬಂದಿದೆ," ಅಂದರು ಅತ್ತೆ. ಆಮೇಲೆ ಬಂಡೆಗೆ ಕೈ ಮುಟ್ಟಿಸಿ ಕಣ್ಣಿಗೆ ಒತ್ತಿಕೊಂಡರು. ಭಾಷೆ ಬರದ ಊರಿನಲ್ಲಿ ಅವರು ಮೊದಲ ಸಲ ಹಾಯಾಗಿ ಕೂತದ್ದು ಅಲ್ಲೇ, ಬೆಟ್ಟದ ಬುಡದ ತೊರೆಯ ಪಕ್ಕದಲ್ಲಿ. ಬಂಡೆಗಳಲ್ಲಿ ಕೆತ್ತಿದ ಮೂರ್ತಿಗಳು 300ಕ್ಕೂ ಹೆಚ್ಚಿವೆ. ದೊಡ್ಡ ಹೊಟ್ಟೆಯ ನಗುವ ಮೈತ್ರೇಯನ ಮುಂದಿಂದ ಮಗ ಏಳಲೇ ಇಲ್ಲ.

ಊಟದ ಚಿಂತೆ ನನಗೆ ತುಂಬಾ ಇತ್ತು. ಅತ್ತೆ ಈರುಳ್ಳಿ ಬೆಳ್ಳುಳ್ಳಿ ತಿನ್ನುವುದಿಲ್ಲ. ಆದರೆ ಚೀನಾದ ಬೌದ್ಧ ದೇವಾಲಯಗಳ ಅಡುಗೆಗೂ ಅವೆರಡನ್ನೂ ಹಾಕುವುದಿಲ್ಲ! ದೇವಾಲಯದಲ್ಲೇ ಅಣಬೆ ಹಾಕಿದ ಬಿಸಿ ನೂಡಲ್ಸ್ ತಿಂದೆವು. ಬೇರೆ ಕಡೆ "ವೊ ಚ್ರ್ ಸು" ಅನ್ನಿ. ನಾನು ಸಸ್ಯಾಹಾರಿ ಅಂತ ಅರ್ಥ. ಸರೋವರದ ಹತ್ತಿರ ಓಫೆನ್ ಸಿಗುತ್ತದೆ. ತಾವರೆ ಗೆಡ್ಡೆಯ ಹಿಟ್ಟಿಗೆ ಬಿಸಿನೀರು ಹಾಕಿ ಕದಡಿದ ಸಿಹಿ ಗಂಜಿ. ಥೇಟ್ ನಮ್ಮ ಕೂವೆ ಹಿಟ್ಟಿನ ಗಂಜಿ. ಅತ್ತೆ ಎರಡು ಬಟ್ಟಲು ಕುಡಿದರು.

ಮಧ್ಯಾಹ್ನ ಶಿಹು ಸರೋವರ. ಇಲ್ಲಿ ನಾನು ತಪ್ಪು ಮಾಡಿದೆ. ಸು ದಿ ಏರಿಯ ಮೇಲೆ ಪೂರ್ತಿ ನಡೆಯೋಣ ಅಂದುಕೊಂಡೆ. ಅದು 2.8 ಕಿ.ಮೀ. ಇದೆ, ನಡುವೆ ಆರು ಕಮಾನು ಸೇತುವೆಗಳು. ಎರಡನೇ ಸೇತುವೆ ಇಳಿಯುವಾಗಲೇ ಅತ್ತೆಯ ಮಂಡಿ ಹಿಡಿದುಕೊಂಡಿತು. ಬೆಂಚಿನ ಮೇಲೆ ಕೂತು ಏರಿಯ ಕತೆ ಹೇಳಿದೆ. 1089ರಲ್ಲಿ ಕವಿ ಸು ಶಿ ಈ ಊರಿಗೆ ಅಧಿಕಾರಿಯಾಗಿ ಬಂದಾಗ ಸರೋವರದಲ್ಲಿ ಹೂಳು, ಕಳೆ ತುಂಬಿತ್ತು. ಅವನು ಹೂಳೆತ್ತಿಸಿ, ಆ ಮಣ್ಣಿನಿಂದಲೇ ಈ ಏರಿ ಹಾಕಿಸಿದ. ಅತ್ತೆಯ ತವರು ಕೆರೆ ಬಯಲಿನ ಊರು. "ನಮ್ಮ ಕೆರೆಗೂ ಇಂಥವನೊಬ್ಬ ಬರಬಾರದಿತ್ತಾ," ಅಂದರು. ನನಗೆ ಮನಸ್ಸಿಗೆ ಏನೋ ಆಯಿತು.

ಆಮೇಲೆ ನಡೆಯುವುದನ್ನು ಬಿಟ್ಟು ದೋಣಿ ಹತ್ತಿದೆವು. ಮೊದಲೇ ಹತ್ತಬೇಕಿತ್ತು. ನೀರಿನಲ್ಲಿ ನಿಂತ ಮೂರು ಪುಟ್ಟ ಕಲ್ಲಿನ ಗೋಪುರಗಳು ಕಾಣುತ್ತವೆ. 1 ಯುವಾನ್ ನೋಟಿನ ಹಿಂಬದಿಯಲ್ಲಿರುವುದು ಅವೇ. ಚೀನಾದಲ್ಲಿ ಈಗ ಎಲ್ಲರೂ ಫೋನಿನಲ್ಲೇ ದುಡ್ಡು ಕೊಡುತ್ತಾರೆ, ನೋಟು ಕಣ್ಣಿಗೆ ಬೀಳುವುದೇ ಕಡಿಮೆ. ಮಕ್ಕಳಿದ್ದರೆ ಒಂದು ನೋಟು ಹುಡುಕಿ ಇಟ್ಟುಕೊಂಡು ಹೋಗಿ. ಮಗ ಅದನ್ನು ಎತ್ತಿ ಹಿಡಿದು ಗೋಪುರಗಳ ಜೊತೆ ಹೋಲಿಸುತ್ತಾ ಕೂತ.

ಸರೋವರದ ದಂಡೆಯ ಲೇಫೆಂಗ್ ಪಗೋಡಕ್ಕೆ ಎಸ್ಕಲೇಟರ್ ಇದೆ, ಮಂಡಿನೋವಿನವರು ಹೆದರಬೇಕಿಲ್ಲ. ಹಳೆಯದು 1924ರಲ್ಲಿ ಕುಸಿದು ಬಿತ್ತು. ಈಗಿನದು 2002ರದ್ದು. ಬಿಳಿ ಹಾವು ಹೆಣ್ಣಾಗಿ ಬಂದು ಮನುಷ್ಯನನ್ನು ಮದುವೆಯಾದ ಕತೆಯಲ್ಲಿ, ಅವಳನ್ನು ಸೆರೆ ಇಟ್ಟದ್ದು ಇದರ ಕೆಳಗೆ. ಮಗನಿಗೆ ಕೋಪ ಬಂತು: "ಅವಳೇನು ತಪ್ಪು ಮಾಡಿದ್ಲು?" ಮೇಲಿನಿಂದ ನಾವು ನಡೆದ ಏರಿ ಪೂರ್ತಿ ಕಂಡಿತು. ಸಂಜೆಯ ಗಾಳಿಯಲ್ಲಿ ಗುಯ್‌ಹ್ವಾ ಹೂವಿನ ವಾಸನೆ. ಯಾರಿಗೂ ಏಳುವ ಮನಸ್ಸಿರಲಿಲ್ಲ.

ರೈಲಿಗೆ ಹೊತ್ತಾಯಿತು ಅಂತ ನಮ್ಮೆಜಮಾನರು ಗಡಿಯಾರ ನೋಡುತ್ತಿದ್ದರು. ರೈಲು ಹೊರಡುವ ಮುಂಚೆ ಆ್ಯಪ್‌ನಲ್ಲಿ ಒಂದು ಸಲ ಟಿಕೆಟ್ ಬದಲಾಯಿಸಿಕೊಳ್ಳಬಹುದು. ಮುಂದಿನ ರೈಲಿಗೆ ಬದಲಾಯಿಸಿಕೊಂಡು ಇನ್ನೂ ಸ್ವಲ್ಪ ಹೊತ್ತು ಅಲ್ಲೇ ಕೂತೆವು.